ಕುದಿಯುವ ಗಂಜಿಗೆ ಎಷ್ಟು ಬೆಂಕಿ ಬೇಕು?

ಕುಚ್ಚಲಕ್ಕಿ ಬೇಗ ಬೇಯುವುದಿಲ್ಲ. ಗಂಜಿ ಬೇಗ ಆಗಲಿ ಎಂದು ಕೆಲವರು ಒಲೆಗೆ ಮತ್ತಷ್ಟು ಕಟ್ಟಿಗೆ, ಗೆರಟೆ, ಒಣಗಿದ ಮಡಲು ತುರುಕುತ್ತಾರೆ. ಬೆಂಕಿ ದೊಡ್ಡದಾಗುತ್ತದೆ. ನೀರು ಕೊತಕೊತ ಕುದಿದು ಉಕ್ಕುತ್ತದೆ. ಆದರೆ ಅಕ್ಕಿ ಬೇಗ ಬೇಯುತ್ತದೆಯೇ? ಇಲ್ಲ. ಏಕೆಂದು ನೋಡೋಣ.

ಒಲೆಯ ಮೇಲಿಟ್ಟ ತಣ್ಣೀರಿಗೆ ಬೆಂಕಿಯಿಂದ ಉಷ್ಣ ಸಿಗುತ್ತದೆ. ನೀರು ಎಷ್ಟು ಬಿಸಿಯಾಗಿದೆ ಎಂಬುದೇ ಅದರ ತಾಪ. ಉಷ್ಣ ಬೇರೆ, ತಾಪ ಬೇರೆ. ಒಂದು ಲೋಟ ಕುದಿನೀರಿಗೂ ಒಂದು ಹಂಡೆ ಕುದಿನೀರಿಗೂ ತಾಪ ಒಂದೇ. ಆದರೆ ಹಂಡೆಯ ನೀರು ಕುದಿಯಲು ಎಷ್ಟೊಂದು ಸೌದೆ ಬೇಕು!

ಶಾಲೆಯ ತಾಪಮಾಪಕವನ್ನು ಬಳಸಿ, ಕಾಯುತ್ತಿರುವ ನೀರಿನ ತಾಪವನ್ನು ಅಧ್ಯಾಪಕರ ಜೊತೆಗಿದ್ದು ಆಗಾಗ ಬರೆದಿಡಿ. (ಜ್ವರ ನೋಡುವ ತಾಪಮಾಪಕ ಇದಕ್ಕೆ ಬೇಡ. ಅಷ್ಟು ಬಿಸಿಯನ್ನು ಅದು ಅಳೆಯಲಾರದು, ಒಡೆದೂ ಹೋದೀತು.) 40, 60, 80 ಎಂದು ತಾಪ ಏರುತ್ತದೆ. ನೀರು ಕುದಿಯತೊಡಗಿದಾಗ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತುಬಿಡುತ್ತದೆ. ಬೆಂಕಿ ಹೆಚ್ಚಿಸಿದರೂ ಮೇಲೇರುವುದಿಲ್ಲ.

ಹಾಗಾದರೆ ಆ ಉಷ್ಣ ಎಲ್ಲಿಗೆ ಹೋಯಿತು? ದ್ರವವಾಗಿರುವ ನೀರಿನ ಕಣಗಳು ಒಂದನ್ನೊಂದು ಸೆಳೆದುಕೊಂಡಿರುತ್ತವೆ. ಅವುಗಳನ್ನು ಬಿಡಿಸಿ ಆವಿಯಾಗಿಸುವ ಕೆಲಸಕ್ಕೆ ಅದು ಖರ್ಚಾಯಿತು. ತಾಪ ಏರಿಸದೆ ಹೀಗೆ ಅಡಗಿಕೊಳ್ಳುವ ಉಷ್ಣವನ್ನು ಗುಪ್ತೋಷ್ಣ ಎನ್ನುತ್ತಾರೆ. ಅದೇನು ಸಣ್ಣ ಖರ್ಚಲ್ಲ. ಒಂದು ಲೋಟ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ತರಲು ಬೇಕಾದ ಉಷ್ಣದ ಐದು ಪಟ್ಟಿಗಿಂತಲೂ ಹೆಚ್ಚು ಉಷ್ಣ, ಆ ನೀರನ್ನೆಲ್ಲ ಆವಿಯಾಗಿಸಲು ಬೇಕು. ಆವಿ ಕೈಗೆ ತಗಲಿ ಮತ್ತೆ ನೀರಾದಾಗ ಆ ಉಷ್ಣವೆಲ್ಲ ಹೊರಬರುತ್ತದೆ. ಕುದಿನೀರಿಗಿಂತ ಆವಿಯ ಸುಟ್ಟಗಾಯ ಕೆಟ್ಟದ್ದು ಅದಕ್ಕೇ.

ಈಗ ಗಂಜಿಯ ಪಾತ್ರೆಗೆ ಬನ್ನಿ. ಅಕ್ಕಿಯನ್ನು ಬೇಯಿಸುವುದು ನೀರಿನ ತಾಪ, ಉಕ್ಕುವ ಗುಳ್ಳೆಗಳಲ್ಲ. ದೊಡ್ಡ ಬೆಂಕಿ ನೀರನ್ನು ಬೇಗ ಆವಿ ಮಾಡುತ್ತದೆ, ಅಷ್ಟೆ. ಕುದಿ ಬಂದ ಮೇಲೆ ಮುಚ್ಚಳವಿಟ್ಟು ಉರಿ ತಗ್ಗಿಸಿದರೂ ಅಕ್ಕಿ ಅಷ್ಟೇ ಹೊತ್ತಿನಲ್ಲಿ ಬೇಯುತ್ತದೆ. ಸೌದೆ ಉಳಿಯುತ್ತದೆ, ಹೊಗೆಯೂ ಕಡಿಮೆ. ಕೇರಳದ ಅನೇಕ ಮನೆಗಳಲ್ಲಿರುವ ‘ಚೂಡಾರಾಪ್ಪೆಟ್ಟಿ’ಯನ್ನು ನೀವು ಕಂಡಿರಬಹುದು. ಬಿಸಿ ಆರದ ಪೆಟ್ಟಿಗೆ ಎಂದು ಅದರ ಅರ್ಥ. ಸ್ವಲ್ಪ ಹೊತ್ತು ಕುದಿಸಿದ ಅಕ್ಕಿಯನ್ನು ಪಾತ್ರೆ ಸಮೇತ ಅದರೊಳಗಿಟ್ಟು ಮುಚ್ಚುತ್ತಾರೆ. ಉಷ್ಣ ಹೊರಹೋಗದ ಕಾರಣ ಬೆಂಕಿಯೇ ಇಲ್ಲದೆ ಅನ್ನ ಬೇಯುತ್ತದೆ.

ಆದರೆ ನೀರು ಎಲ್ಲ ಕಡೆಯೂ 100 ಡಿಗ್ರಿಯಲ್ಲೇ ಕುದಿಯುವುದಿಲ್ಲ. ಸಮುದ್ರದ ಬದಿಯ ಕಾಸರಗೋಡಿನಿಂದ ನೀಲಗಿರಿಯ ಊಟಿಗೆ ಹೋದರೆ ಸುಮಾರು 2,240 ಮೀಟರ್ ಎತ್ತರಕ್ಕೆ ಏರಿರುತ್ತೇವೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ. ಆದ್ದರಿಂದ ನೀರು ಸುಮಾರು 93 ಡಿಗ್ರಿಯಲ್ಲೇ ಕುದಿದು ಅಲ್ಲೇ ನಿಲ್ಲುತ್ತದೆ. ಬೇಳೆ, ಕಾಳು ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಪ್ರೆಷರ್ ಕುಕ್ಕರ್ ಇದಕ್ಕೆ ವಿರುದ್ಧವಾದ ಕೆಲಸ ಮಾಡುತ್ತದೆ. ಆವಿಯನ್ನು ಒಳಗೇ ಹಿಡಿದಿಟ್ಟು ಒತ್ತಡ ಹೆಚ್ಚಿಸುತ್ತದೆ. ಅದರೊಳಗಿನ ನೀರಿನ ತಾಪ ಸುಮಾರು 120 ಡಿಗ್ರಿವರೆಗೆ ಏರಬಲ್ಲದು. ಕುಚ್ಚಲಕ್ಕಿಯೂ ಬೇಗ ಬೇಯುತ್ತದೆ. ಅಲ್ಲಿಯೂ ಒಂದು ವಿಷಯ ಗಮನಿಸಿ: ಸೀಟಿ ಬಂದ ಮೇಲೆ ಉರಿ ಹೆಚ್ಚಿಸಿದರೆ ಸೀಟಿಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಅಕ್ಕಿ ಬೇಯುವ ವೇಗವಲ್ಲ.