ನಲವತ್ತು ನದಿಗಳ ಮೀನು

ಬಿತ್ತನೆಗೆಂದು ಒಳ್ಳೆಯ ತೆನೆಯನ್ನು ಆರಿಸಿಡುವುದು ಬೇಸಾಯದಷ್ಟೇ ಹಳೆಯ ವಿದ್ಯೆ. ಭತ್ತ ರಾಗಿಗಳಲ್ಲಿ, ದನ ಕುರಿಗಳಲ್ಲಿ ಮನುಷ್ಯನು ಸಾವಿರಾರು ವರ್ಷಗಳಿಂದ ಬೇಕಾದುದನ್ನು ಉಳಿಸಿಕೊಳ್ಳುತ್ತ, ಬೇಡವಾದುದನ್ನು ಬಿಡುತ್ತ ಬಂದಿದ್ದಾನೆ. ಹೀಗೆ ಮಾಡುವಾಗ ನಮ್ಮ ಕಣ್ಣು ಆರಿಸಿದ್ದರ ಮೇಲೆ ಇರುತ್ತದೆಯೇ ಹೊರತು ಬಿಟ್ಟದ್ದರ ಮೇಲಲ್ಲ. ಬಿಟ್ಟದ್ದರ ಬೆಲೆಯೇನು ಎಂಬ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ಬಹು ಸ್ಪಷ್ಟವಾಗಿ ಮುಂದಿಟ್ಟಿರುವ ಜೀವಿ ಉತ್ತರ ಅಟ್ಲಾಂಟಿಕ್ ಸಾಗರದ ಸಾಲ್ಮನ್ ಮೀನು. ಹಸುವನ್ನು ಮನುಷ್ಯನು ಮೊದಲು ಪಳಗಿಸಿದ ಬಗೆಯನ್ನು ಬರೆದಿಟ್ಟವರಿಲ್ಲ. ಸಾಲ್ಮನ್ ಸಾಕುಪ್ರಾಣಿಯಾದದ್ದಾದರೋ ಕಳೆದ ಐವತ್ತು ಚಿಲ್ಲರೆ ವರ್ಷಗಳಲ್ಲಿ. ಅದರ ಪ್ರತಿಯೊಂದು ಹೆಜ್ಜೆಯೂ ದಾಖಲೆಯಲ್ಲಿದೆ.

ಈ ಮೀನು ಹುಟ್ಟುವುದು ತಣ್ಣನೆಯ ಸಿಹಿನೀರಿನ ಹೊಳೆಯಲ್ಲಿ. ಅಲ್ಲಿ ಕೆಲವು ವರ್ಷ ಬೆಳೆದು, ಕಡಲಿಗಿಳಿದು, ಬಲಿತ ಮೇಲೆ ಮೊಟ್ಟೆಯಿಡಲು ತಾನು ಹುಟ್ಟಿದ ಹೊಳೆಗೇ ಹಿಂದಿರುಗುತ್ತದೆ. ದಾರಿ ತೋರಿಸುವುದರಲ್ಲಿ ಆ ನೀರಿನ ವಾಸನೆಯ ನೆನಪಿಗೆ ದೊಡ್ಡ ಪಾಲಿದೆ. ಹೀಗೆ ತವರಿಗೆ ಮರಳುವ ಸ್ವಭಾವದಿಂದಾಗಿ ಒಂದೊಂದು ನದಿಯ ಸಾಲ್ಮನ್ನೂ ಹೆಚ್ಚುಕಡಿಮೆ ಒಂದೊಂದು ಪ್ರತ್ಯೇಕ ಕುಲವಾಗಿದೆ. ಒಂದು ನದಿಯ ಮೀನು ಚಿಕ್ಕದಾಗಿ ಬೇಗ ಮರಳಿದರೆ, ಇನ್ನೊಂದು ನದಿಯದು ಕಡಲಿನಲ್ಲಿ ವರ್ಷಗಟ್ಟಲೆ ಇದ್ದು ದೈತ್ಯಾಕಾರವಾಗಿ ಬರುತ್ತದೆ. ನೀರಿನ ತಂಪು, ಹರಿವಿನ ವೇಗ, ಅಲ್ಲಿನ ರೋಗಗಳು, ಇವೆಲ್ಲವೂ ತಲೆತಲಾಂತರದಿಂದ ಆ ಕುಲದ ವಂಶವಾಹಿಗಳನ್ನು ತಿದ್ದುತ್ತ ಬಂದಿವೆ. ಆನುವಂಶಿಕ ವೈವಿಧ್ಯವೆಂದು ವಿಜ್ಞಾನಿಗಳು ಕರೆಯುವುದು ಇದನ್ನೇ.

1970ರಲ್ಲಿ ನಾರ್ವೆಯ ಹಿತ್ರಾ ದ್ವೀಪದಲ್ಲಿ ಗ್ರೊಂಟ್‌ವೆಟ್ ಸೋದರರು ಕಡಲಿನಲ್ಲಿ ಬಲೆಯ ಪಂಜರಗಳನ್ನು ಕಟ್ಟಿ ಸಾಲ್ಮನ್ ಬೆಳೆಸಿ ಯಶಸ್ವಿಯಾದರು. ಆದರೆ ಪಂಜರದಲ್ಲಿದ್ದುದು ಇನ್ನೂ ಕಾಡುಮೀನೇ. ಹಸುಗಳ ತಳಿಯಲ್ಲಿ ಪಳಗಿದ್ದ ಪ್ರಾಧ್ಯಾಪಕ ಹ್ಯಾರಲ್ಡ್ ಶೆರ್ವೊಲ್ಡ್, ಅವರ ಜೊತೆಗಾರ ಟ್ರಿಗ್ವೆ ಯೆಡ್ರೆಮ್ ಮೊದಲಾದವರು ಅದೇ ಶಾಸ್ತ್ರವನ್ನು ಮೀನಿಗೂ ಅನ್ವಯಿಸಲು ಹೊರಟರು. ಅವರ ದೊಡ್ಡ ವಿವೇಕವಿರುವುದು ಆರಂಭದಲ್ಲಿಯೇ. ಹೆಸರಾದ ಒಂದೆರಡು ನದಿಗಳಿಂದ ಮೀನು ತಂದು ಅವರು ತೃಪ್ತರಾಗಲಿಲ್ಲ. 1971ರಿಂದ 1974ರವರೆಗೆ ಸುಮಾರು 40 ನದಿಗಳಿಂದ ಮೊಟ್ಟೆಗಳನ್ನು ಸಂಗ್ರಹಿಸಿ ಸುಂಡಾಲ್ಸೋರಾದ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದರು. ಸಾಕಣೆಯಲ್ಲಿ ಈ ಮೀನಿನ ಒಂದು ತಲೆಮಾರಿಗೆ ನಾಲ್ಕು ವರ್ಷ ಬೇಕಾದುದರಿಂದ, ನಾಲ್ಕು ವರ್ಷದ ನಾಲ್ಕು ತಂಡಗಳು ಅಕ್ಕಪಕ್ಕದಲ್ಲಿ ನಡೆದುವು. ಮೊದಲು ಬೆಳವಣಿಗೆಯ ವೇಗವನ್ನು, ಆ ಬಳಿಕ ತಡವಾಗಿ ಬಲಿಯುವ ಗುಣ, ರೋಗನಿರೋಧ, ಮಾಂಸದ ಬಣ್ಣ, ಕೊಬ್ಬು ಇವುಗಳನ್ನೂ ಲೆಕ್ಕಕ್ಕೆ ಹಿಡಿದರು. ಬೆಳವಣಿಗೆಯ ವೇಗ ತಲೆಮಾರಿಗೆ ಶೇಕಡ ಹತ್ತಕ್ಕೂ ಮಿಗಿಲಾಗಿ ಏರಿತು. ಇಂದು ನಾರ್ವೆಯೊಂದೇ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಸಾಲ್ಮನ್ ಬೆಳೆಯುತ್ತದೆ.

ಈ ಯಶಸ್ಸಿನ ಒಳಗೇ ಅಪಾಯವೂ ಅಡಗಿದೆ. ಹಸು ವರ್ಷಕ್ಕೊಂದು ಕರು ಹಾಕಿದರೆ, ಹೆಣ್ಣು ಸಾಲ್ಮನ್ ತನ್ನ ಮೈತೂಕದ ಕಿಲೋ ಒಂದಕ್ಕೆ ಸಾವಿರಕ್ಕೂ ಹೆಚ್ಚು ಮೊಟ್ಟೆಯಿಡುತ್ತದೆ. ಆದುದರಿಂದ ಬೆರಳೆಣಿಕೆಯ ತಾಯಿತಂದೆಗಳಿಂದ ಇಡೀ ಸಾಕಣೆಕೇಂದ್ರವನ್ನು ತುಂಬಿಸಬಹುದು. ತುಂಬಿದ ಕೊಳವನ್ನು ನೋಡಿದವನಿಗೆ ಎಲ್ಲವೂ ಸಮೃದ್ಧವಾಗಿ ಕಾಣುತ್ತದೆ. ಆದರೆ ವಂಶದ ಲೆಕ್ಕದಲ್ಲಿ ಮುಖ್ಯವಾದುದು ಮೀನುಗಳ ಸಂಖ್ಯೆಯಲ್ಲ, ಮುಂದಿನ ತಲೆಮಾರಿಗೆ ಪಾಲು ಕೊಟ್ಟ ತಾಯಿತಂದೆಗಳ ಸಂಖ್ಯೆ. ನೂರು ಹೆಣ್ಣುಮೀನಿನ ಮೊಟ್ಟೆಗೆ ಒಂದೇ ಗಂಡಿನ ವೀರ್ಯವನ್ನು ಬಳಸಿದರೆ, ಶಾಸ್ತ್ರದ ಎಣಿಕೆಯಲ್ಲಿ ಅದು ನೂರೊಂದು ಮೀನಲ್ಲ. ಹೆಚ್ಚುಕಡಿಮೆ ನಾಲ್ಕೇ ಮೀನು! ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವವರಿಗೆ ಈ ಮಾತು ಹೊಸದಲ್ಲ. ಒಂದೇ ತಾಯಿಪ್ರತಿಯಿಂದ ಇಳಿದ ಓಲೆಗರಿಗಳು ನೂರಿದ್ದರೂ ಸಾಕ್ಷಿ ಒಂದೇ. ಆ ತಾಯಿಪ್ರತಿಯಲ್ಲಿ ಗೆದ್ದಲು ತಿಂದ ಅಕ್ಷರ ನೂರರಲ್ಲಿಯೂ ಇರುವುದಿಲ್ಲ.

ಇನ್ನೊಂದು ತೊಡಕೂ ಉಂಟು. ಮೀನಿಗೆ ರೋಗ ತಗುಲಿಸಿ ಪರೀಕ್ಷಿಸಿದ ಮೇಲೆ ಅದನ್ನೇ ತಳಿಗೆ ಉಳಿಸಿಕೊಳ್ಳಲಾಗದು. ಆದುದರಿಂದ ಅದರ ಒಡಹುಟ್ಟುಗಳನ್ನು ಪರೀಕ್ಷೆಗೆ ಒಡ್ಡಿ, ಉತ್ತಮವೆಂದು ಕಂಡ ಕುಟುಂಬಕ್ಕೆ ಮನ್ನಣೆ ಕೊಡುತ್ತಾರೆ. ಹೀಗೆ ಕುಟುಂಬವನ್ನು ನೋಡಿ ಆರಿಸಿದಷ್ಟೂ ಆಯ್ಕೆಯಾದವುಗಳು ಪರಸ್ಪರ ಬಂಧುಗಳಾಗಿರುವ ಸಂಭವ ಹೆಚ್ಚು. ಬಂಧುಗಳ ಕೂಟ ಬೆಳೆದಂತೆ, ಅದುವರೆಗೆ ಮರೆಯಲ್ಲಿದ್ದ ದೋಷಗಳು ತಲೆಯೆತ್ತುತ್ತವೆ. ಮೊಟ್ಟೆಯ ಉಳಿವು, ಮರಿಯ ಬೆಳವಣಿಗೆ ಎರಡೂ ಕುಗ್ಗುತ್ತವೆ. ಒಂದು ಕುಟುಂಬದಿಂದ ಇಂತಿಷ್ಟೇ ಎಂಬ ಮಿತಿ, ಬಿಡದೆ ಬರೆದಿಡುವ ವಂಶಾವಳಿ, ಈಚೆಗೆ ಡಿಎನ್‌ಎ ಪರೀಕ್ಷೆ ಇವುಗಳಿಂದ ತಜ್ಞರು ಈ ಅಪಾಯವನ್ನು ಹತೋಟಿಯಲ್ಲಿಡುತ್ತಾರೆ.

ಈ ಎಚ್ಚರ ತಪ್ಪಿದರೆ ಆಗುವುದೇನೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಅಂಬೇಕರ್ ಏಕನಾಥ್ ಮತ್ತು ರೋಜರ್ ಡಾಯ್ಲ್ ಎಂಬ ವಿಜ್ಞಾನಿಗಳು ಕರ್ನಾಟಕದ ಮೀನುಮರಿ ಉತ್ಪಾದನಾ ಕೇಂದ್ರಗಳಲ್ಲಿ ಕಾಟ್ಲಾ, ರೋಹು ಮೊದಲಾದ ಮೀನುಗಳನ್ನು ಕುರಿತು ಅಧ್ಯಯನ ಮಾಡಿ 1990ರಲ್ಲಿ ಪ್ರಕಟಿಸಿದರು. ಬಂಧುಕೂಟದ ಪ್ರಮಾಣ ತಲೆಮಾರಿಗೆ ಶೇಕಡ ಒಂದನ್ನು ಮೀರಬಾರದೆಂಬುದು ತಳಿಶಾಸ್ತ್ರದ ಸಾಮಾನ್ಯ ಎಚ್ಚರಿಕೆ. ಇಲ್ಲಿ ಅದು 2ರಿಂದ 17ರವರೆಗೆ ಇತ್ತು. 1992ರಲ್ಲಿ ಭುವನೇಶ್ವರದ ಸಿಹಿನೀರು ಮೀನುಸಾಕಣೆ ಸಂಸ್ಥೆಯು ನಾರ್ವೆಯವರ ಸಹಯೋಗದಿಂದ ರೋಹುವಿನ ತಳಿಕಾರ್ಯವನ್ನು ಕೈಗೊಂಡಾಗ ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರಾ ನದಿಗಳಿಂದ ಮೀನು ತರಿಸಿದ್ದು ಅರ್ಥಪೂರ್ಣವಾಗಿದೆ. ಸ್ವಾತಂತ್ರ್ಯದ ಐವತ್ತನೆಯ ವರ್ಷದಲ್ಲಿ ಹೊರಬಂದ ಆ ತಳಿಯ ಹೆಸರು 'ಜಯಂತಿ'.

ಬಿಟ್ಟದ್ದರ ಬೆಲೆಯ ಪ್ರಶ್ನೆಗೆ ಮರಳೋಣ. ಸಾಲ್ಮನ್ ಮರಿಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ, ಮೇದೋಜೀರಕ ಗ್ರಂಥಿಗೆ ತಗಲುವ ವೈರಸ್ ರೋಗವೊಂದಿತ್ತು. ಅದನ್ನು ಎದುರಿಸುವ ಶಕ್ತಿ ಬಹುಮಟ್ಟಿಗೆ ವಂಶತಂತುವಿನ ಒಂದೇ ಭಾಗವನ್ನು ಅವಲಂಬಿಸಿದೆಯೆಂಬುದನ್ನು 2008-09ರ ಸುಮಾರಿಗೆ ಸ್ಕಾಟ್ಲೆಂಡ್ ಮತ್ತು ನಾರ್ವೆಗಳ ಸಂಶೋಧಕರು ಪ್ರತ್ಯೇಕವಾಗಿ ಕಂಡುಕೊಂಡರು. ಆ ಗುಣವುಳ್ಳ ಮೊಟ್ಟೆಗಳು ಬಳಕೆಗೆ ಬಂದ ಮೇಲೆ ನಾರ್ವೆಯಲ್ಲಿ ಆ ರೋಗದ ಹಾವಳಿ ಬಹಳವಾಗಿ ಇಳಿಯಿತು. ಆದರೆ 1970ರ ದಶಕದಲ್ಲಿ ನದಿನದಿಗೆ ಹೋಗಿ ಮೊಟ್ಟೆ ತಂದವರು ಈ ಗುಣಕ್ಕಾಗಿ ಹುಡುಕಿರಲಿಲ್ಲ. ಅದು ಯಾರ ಗಮನಕ್ಕೂ ಬಾರದೆ ಹಿಂಡಿನೊಳಗೆ ಉಳಿದುಕೊಂಡಿತ್ತು, ಅಷ್ಟೇ. ಸಂಗ್ರಹ ಕಿರಿದಾಗಿದ್ದರೆ, ಇಲ್ಲವೇ ಬೆಳವಣಿಗೆಯ ಅವಸರದಲ್ಲಿ ಕಳೆದುಹೋಗಿದ್ದರೆ, ಹುಡುಕುವಾಗ ಅದು ದೊರೆಯುತ್ತಿರಲಿಲ್ಲ. ನಾಳೆ ಯಾವ ರೋಗ ಬಂದೀತು, ಕಡಲು ಎಷ್ಟು ಬಿಸಿಯಾದೀತು ಎಂಬುದನ್ನು ಇಂದು ಬಲ್ಲವರಿಲ್ಲ. ಆದುದರಿಂದ ಇಂದು ಉಪಯೋಗವಿಲ್ಲವೆಂದು ಕಾಣುವ ಗುಣವನ್ನೂ ಕಾಪಾಡಬೇಕಾಗುತ್ತದೆ.

ಹಿಂಡಿನಲ್ಲಿ ಕಳೆದುಹೋದುದನ್ನು ಮತ್ತೆ ತರಬಹುದಾದ ತಾಣವೆಂದರೆ ನದಿ. ಆ ನದಿಗಳ ಸ್ಥಿತಿಯೇ ಈಗ ಚಿಂತೆಗೆ ಕಾರಣವಾಗಿದೆ. ಬಿರುಗಾಳಿಗೆ ಪಂಜರ ಹರಿದಾಗ ಸಾಕಿದ ಮೀನು ತಪ್ಪಿಸಿಕೊಂಡು ಹೊಳೆಗಳಿಗೆ ನುಗ್ಗುತ್ತದೆ. ನಾರ್ವೆಯ ಹೊಳೆಗಳಿಗೆ ವರ್ಷವರ್ಷ ಮರಳುವ ಕಾಡುಮೀನು ಕೆಲವೇ ಲಕ್ಷ; ಪಂಜರಗಳಲ್ಲಿರುವುದು ಕೋಟಿಗಟ್ಟಲೆ. ಇಮ್ಸಾ ನದಿಯಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಜೀವಮಾನದಲ್ಲಿ ಸಂತಾನ ಉಳಿಸುವುದರಲ್ಲಿ ಸಾಕಿದ ಮೀನಿನ ಸಾಧನೆ ಕಾಡುಮೀನಿನ ಸಾಧನೆಯ ಶೇಕಡ 16ರಷ್ಟು ಮಾತ್ರ ಎಂದು ಕಂಡುಬಂದಿತು. ಹೊಳೆಯಲ್ಲಿ ಬಾಳಲಾರದ ಆ ಮೀನು ಹೊಳೆಯ ವಂಶದಲ್ಲಿ ಬೆರೆಯಬಲ್ಲದು. 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಪರೀಕ್ಷಿಸಿದ ಕಾಡು ಕುಲಗಳ ಸುಮಾರು ಅರ್ಧದಷ್ಟರಲ್ಲಿ ಇಂತಹ ಬೆರಕೆ ಸ್ಪಷ್ಟವಾಗಿ ಗೋಚರಿಸಿತು. 2021ರಲ್ಲಿ ನಾರ್ವೆ ತನ್ನ ಕಾಡು ಸಾಲ್ಮನ್ನನ್ನು ಅಪಾಯದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಈ ಕೇಡನ್ನು ಮುಂಗಂಡು ಅಲ್ಲಿನ ಸರ್ಕಾರ 1986ರಲ್ಲಿಯೇ ಸಾಲ್ಮನ್ನಿನ ವಂಶಭಂಡಾರವನ್ನು ಆರಂಭಿಸಿತ್ತು. ಗಂಡುಮೀನಿನ ವೀರ್ಯವನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡಬಹುದು. ಮೊಟ್ಟೆಯನ್ನು ಹಾಗೆ ಇಡಲು ಬಾರದು. ಅದಕ್ಕಾಗಿ ಒಂದೊಂದು ನದಿಯ ಮೀನನ್ನೂ ಬೇರೆಬೇರೆಯಾಗಿ, ಜೀವಂತವಾಗಿಯೇ ಸಾಕಬೇಕು. ವೆಚ್ಚದ, ತಾಳ್ಮೆಯ ಕೆಲಸವಿದು. ಮಾರುಕಟ್ಟೆಗೆ ಇದರಿಂದ ಒಂದು ತುಂಡು ಮೀನೂ ಬರುವುದಿಲ್ಲ. ಆದರೂ ಅದನ್ನು ಬಿಡುವಂತಿಲ್ಲ. ಏಕೆಂದರೆ ಹೊಳೆಗಳೆಲ್ಲ ಬೆರಕೆಯಾದ ಮೇಲೆ, ಶೆರ್ವೊಲ್ಡ್ ಮತ್ತು ಯೆಡ್ರೆಮ್ ಮಾಡಿದಂತೆ ಮತ್ತೆ ಯಾರಾದರೂ ನಲವತ್ತು ನದಿಗಳಿಗೆ ಹೋದರೆ, ಅವರ ಬಲೆಗೆ ಬೀಳುವುದು ನಲವತ್ತು ಕುಲಗಳ ಮೀನಲ್ಲ, ತಮ್ಮದೇ ಪಂಜರದಿಂದ ತಪ್ಪಿಸಿಕೊಂಡ ಮೀನಿನ ಮೊಮ್ಮಕ್ಕಳು.