ಒಡೆದ ತಾರಸಿಯ ಜಲ್ಲಿ ಹೊಸ ತಾರಸಿಗೆ ಆದೀತೆ?

ಬೆಳಗಿನ ಬಸ್ಸಿನಲ್ಲಿ ಪೇಟೆಗೆ ಬರುವವರಿಗೆ ಈ ನೋಟ ಹೊಸದಲ್ಲ. ಬಸ್ಸು ಕೆರೆ ಏರಿಗೆ ಬಂದ ಕೂಡಲೇ ಕಿಟಕಿಯಾಚೆ ಮೊದಲು ಕಾಣುವುದು ನೀರಲ್ಲ. ಒಡೆದ ಗೋಡೆ, ತುಂಡು ಕಂಬ, ತುಕ್ಕು ಹಿಡಿದ ಕಂಬಿ ಚಾಚಿಕೊಂಡು ಬಿದ್ದ ತಾರಸಿಯ ಹೆಂಟೆಗಳು. ನಿನ್ನೆ ಸಂಜೆ ಇಲ್ಲದ ರಾಶಿ ಇವತ್ತು ಬೆಳಿಗ್ಗೆ ಇರುತ್ತದೆ. ರಾತ್ರಿ ಯಾರು ಸುರಿದು ಹೋದರು ಎಂದು ಕೇಳಿದರೆ ಏರಿ ಮೇಲಿನ ಟೀ ಅಂಗಡಿಯವನಿಗೂ ಗೊತ್ತಿಲ್ಲ. ಗೊತ್ತಿದ್ದರೂ ಹೇಳುವವನಲ್ಲ.

ರಸ್ತೆ ಅಗಲ ಮಾಡುವ ಕೆಲಸ ನಡೆದ ಊರುಗಳಲ್ಲೆಲ್ಲ ಇದೇ ಕತೆ. ಮೊದಲು ಗೋಡೆಗೆ ಕೆಂಪು ಬಣ್ಣದ ಗೆರೆ. ಆಮೇಲೆ ನೋಟೀಸು. ಆಮೇಲೆ ಜೆಸಿಬಿ. ಅಪ್ಪನ ಕಾಲದ ಅಂಗಡಿಯ ಮುಂಭಾಗ ಹತ್ತು ಅಡಿ ಹೋಯಿತು ಎಂದರೆ ಉಳಿದ ಜಾಗದಲ್ಲೇ ಮತ್ತೆ ಗೋಡೆ ಎತ್ತಿ ತಾರಸಿ ಹಾಕಬೇಕು. ಪರಿಹಾರದ ದುಡ್ಡು ಬಂದಾಗ ಬಂತು. ಇಂಥ ಹೊತ್ತಿನಲ್ಲಿ ಕೆಲಸ ಹಿಡಿದವನು ಮೆಲ್ಲಗೆ ಒಂದು ಮಾತು ತೇಲಿಬಿಡುತ್ತಾನೆ: "ಹಳೇ ಸ್ಲ್ಯಾಬ್ ಒಡೆದದ್ದು ಇಲ್ಲೇ ಬಿದ್ದೈತಲ್ಲ ಸಾಹುಕಾರ್ರೆ, ಅದನ್ನೇ ಕುಟ್ಟಿ ಹಾಕ್ಬಿಡೋಣ. ಜಲ್ಲಿ ದುಡ್ಡು ಉಳೀತದೆ." ಸಾಹುಕಾರರಿಗೆ ಆಸೆ, ಮನೆಯವರಿಗೆ ಭಯ. ನಾಳೆ ಆ ತಾರಸಿ ಕೆಳಗೆ ಕೂತು ವ್ಯಾಪಾರ ಮಾಡಬೇಕಾದವರು ಅವರೇ ತಾನೆ?

ಹಾಕಬಹುದೋ ಬಾರದೋ ಎಂದರೆ, ಹಾಕಬಹುದು. ಸರಕಾರದ ಕಟ್ಟಳೆಯೇ ಹಾಗೆ ಹೇಳುತ್ತದೆ. ಆದರೆ ಮೇಸ್ತ್ರಿ ಹೇಳುವ ರೀತಿಯಲ್ಲಿ ಅಲ್ಲವೇ ಅಲ್ಲ.

ಕಟ್ಟಳೆ ಏನು?

ಕಾಂಕ್ರೀಟಿಗೆ ಎಂಥ ಮರಳು, ಎಂಥ ಜಲ್ಲಿ ಇರಬೇಕು ಎಂದು ಹೇಳುವ ಪುಸ್ತಕ ಭಾರತೀಯ ಮಾನಕ ಬ್ಯೂರೋದ ಐ.ಎಸ್. 383. ಬಹಳ ಕಾಲ ಇದರಲ್ಲಿ ಜಲ್ಲಿ ಎಂದರೆ ಬಂಡೆ ಒಡೆದದ್ದು ಅಥವಾ ಹೊಳೆಯ ಗುಂಡುಗಲ್ಲು, ಅಷ್ಟೆ. 2016ರಲ್ಲಿ ಪುಸ್ತಕ ತಿದ್ದಿದಾಗ ಒಡೆದ ಕಟ್ಟಡದ ಸಾಮಾನಿಗೂ ಬಾಗಿಲು ತೆರೆದರು. ಪೂರಾ ತೆರೆಯಲಿಲ್ಲ.

ಒಡೆದ ಸಾಮಾನನ್ನು ಅದು ಎರಡು ಜಾತಿ ಮಾಡಿತು. ಬರೀ ಕಾಂಕ್ರೀಟು ಒಡೆದು ಮಾಡಿದ ಜಲ್ಲಿ ಒಂದು. ಇಟ್ಟಿಗೆ, ಗಾರೆ, ಹಂಚು, ಟೈಲು ಎಲ್ಲ ಕಲೆತುಹೋದ ಬೆರಕೆ ಜಲ್ಲಿ ಇನ್ನೊಂದು. ಕಂಬಿ ಕಟ್ಟಿ ಹಾಕುವ ಕಾಂಕ್ರೀಟಿಗೆ, ಎಂದರೆ ತಾರಸಿ, ಕಂಬ, ತೊಲೆಗೆ, ಮೊದಲನೆಯ ಜಾತಿಯನ್ನು ಜಲ್ಲಿಯ ನೂರು ಪಾಲಿನಲ್ಲಿ 20 ಪಾಲು ಮಾತ್ರ ಬೆರೆಸಬಹುದು. ಅದೂ ಎಂ-25 ದರ್ಜೆಯವರೆಗೆ ಮಾತ್ರ. ಕಂಬಿ ಇಲ್ಲದ ಬರೀ ಕಾಂಕ್ರೀಟಿಗೆ 25 ಪಾಲು. ಎಂ-15ಕ್ಕಿಂತ ಕೆಳಗಿನ ಬಡ ಕಾಂಕ್ರೀಟಿಗೆ, ಅಂದರೆ ತಳಪಾಯದ ಕೆಳಗೆ ಹಾಸುವುದು, ನೆಲದ ಕೆಳಗೆ ಹಾಸುವುದು ಇಂಥದ್ದಕ್ಕೆ, ನೂರಕ್ಕೆ ನೂರೂ ಆಗಬಹುದು.

ಬೆರಕೆ ಜಲ್ಲಿಗೆ ತಾರಸಿಯಲ್ಲಿ ಎಷ್ಟು ಪಾಲು? ಸೊನ್ನೆ. ಅದು ಬಡ ಕಾಂಕ್ರೀಟಿಗೆ ಮಾತ್ರ.

ಜಗಳ ಇರುವುದು ಇಲ್ಲೇ. ಹಳೇ ಪೇಟೆ ಬೀದಿಯ ಅಂಗಡಿಗಳಲ್ಲಿ ಎಷ್ಟು ಬರೀ ಕಾಂಕ್ರೀಟಿನವು? ಮುಂದೆ ತಾರಸಿ, ಹಿಂದೆ ಮಂಗಳೂರು ಹಂಚು, ನಡುವೆ ಇಟ್ಟಿಗೆ ಗೋಡೆ, ಅದಕ್ಕೂ ಹಿಂದೆ ಮಣ್ಣಿನ ಗೋಡೆ. ಜೆಸಿಬಿಗೆ ಜಾತಿ ಗೊತ್ತಿಲ್ಲ, ಒಂದೇ ಬಾಚಿಗೆ ಎಲ್ಲ ಕಲೆಸಿಬಿಡುತ್ತದೆ. ಒಮ್ಮೆ ಕಲೆತ ಮೇಲೆ ಅದು ಬೆರಕೆಯೇ. ಜತೆಗೆ ಫಾಲ್ಸ್ ಸೀಲಿಂಗಿನ ಬಿಳಿ ಪಿ.ಓ.ಪಿ. ಪುಡಿ ಸೇರಿತೋ, ಇನ್ನೂ ಕೆಟ್ಟದ್ದು. ಅದರಲ್ಲಿರುವ ಸಲ್ಫೇಟು ಸಿಮೆಂಟಿನ ಸಂಗಡ ಕೂಡಿ ಒಳಗೊಳಗೇ ಊದಿ ಕಾಂಕ್ರೀಟನ್ನು ಬಿರಿಸುತ್ತದೆ. ಸಮುದ್ರದ ದಂಡೆಯ ಕಟ್ಟಡ ಒಡೆದದ್ದಾದರೆ ಉಪ್ಪಿನ ಅಂಶ ಇರುತ್ತದೆ, ಅದು ಹೊಸ ಕಂಬಿಗೆ ತುಕ್ಕು ಹಿಡಿಸುತ್ತದೆ.

ನೀರು ಕುಡಿಯುವ ಕಲ್ಲು

ಒಳ್ಳೆ ಕಾಂಕ್ರೀಟನ್ನೇ ಆರಿಸಿ ಒಡೆದರೂ ಒಂದು ತೊಂದರೆ ಉಳಿದೇ ಉಳಿಯುತ್ತದೆ. ಹಳೇ ಜಲ್ಲಿಯ ಒಂದೊಂದು ಚೂರಿಗೂ ಹಳೇ ಗಾರೆ ಅಂಟಿಕೊಂಡಿರುತ್ತದೆ. ಕಲ್ಲು ಗಟ್ಟಿ, ಗಾರೆ ಮಾತ್ರ ತೂತು ತೂತು. ನೀರು ಕಂಡರೆ ಹೀರುತ್ತದೆ. ಹೊಸ ಗ್ರಾನೈಟ್ ಜಲ್ಲಿ ತನ್ನ ತೂಕದ ನೂರಕ್ಕೆ ಅರ್ಧ ಪಾಲು, ಹೆಚ್ಚೆಂದರೆ ಒಂದು ಪಾಲು ನೀರು ಹೀರಿದರೆ, ಕಾಂಕ್ರೀಟು ಒಡೆದ ಜಲ್ಲಿ 3ರಿಂದ 6 ಪಾಲು, ಕೆಲವು ಸಲ ಇನ್ನೂ ಹೆಚ್ಚು ಹೀರುತ್ತದೆ.

ಇದರಿಂದ ಏನಾಯಿತು ಅಂತೀರಾ? ಒಂದು ಮೂಟೆಯ ಲೆಕ್ಕ ನೋಡಿ. ಒಂದು ಮೂಟೆ ಸಿಮೆಂಟು 50 ಕೆ.ಜಿ. ಸಾಧಾರಣ ಎಂ-20 ಕಾಂಕ್ರೀಟಿಗೆ ಐ.ಎಸ್. 456 ಕೊಟ್ಟಿರುವ ಪಟ್ಟಿಯಂತೆ, ಒಂದು ಮೂಟೆಗೆ ಮರಳು, ಜಲ್ಲಿ ಎರಡೂ ಸೇರಿ 250 ಕೆ.ಜಿ. ನೀರು 30 ಲೀಟರು ಮೀರಕೂಡದು. ಮರಳು ಒಂದು ಪಾಲು, ಜಲ್ಲಿ ಎರಡು ಪಾಲು ಎಂದರೆ ಜಲ್ಲಿಯೇ ಸುಮಾರು 167 ಕೆ.ಜಿ. ಅದು ಹೊಸ ಜಲ್ಲಿಯಾದರೆ ಹೀರುವುದು ಮುಕ್ಕಾಲು ಲೀಟರಿನ ಆಸುಪಾಸು, ಲೆಕ್ಕಕ್ಕಿಲ್ಲ. ಪೂರಾ ಹಳೇ ಜಲ್ಲಿಯನ್ನೇ ಒಣಗಿದ್ದು ಹಾಗೇ ಸುರಿದರೆ, ನೂರಕ್ಕೆ 5ರಂತೆ ಹಿಡಿದರೂ 8 ಲೀಟರಿಗೆ ಮೇಲೆ ನುಂಗುತ್ತದೆ. 30 ಲೀಟರಿನಲ್ಲಿ 8 ಲೀಟರು!

ಆಗ ಮಿಕ್ಸರ್ ಯಂತ್ರದ ಹತ್ತಿರ ನಡೆಯುವುದು ಎಲ್ಲರೂ ಕಂಡದ್ದೇ. ಕಲಸಿದ್ದು ಗಟ್ಟಿಯಾಯಿತು, ಬಾಂಡಲಿಯಿಂದ ಇಳೀತಿಲ್ಲ. "ಇನ್ನೊಂದ್ ಬಕೆಟ್ ಬಿಡೋ" ಎಂಬ ಕೂಗು. ಹುಡುಗ ಬಿಡುತ್ತಾನೆ. ಅವನಿಗೆ ಅಳತೆ ಯಾರು ಹೇಳಿದ್ದಾರೆ? ಹಳೇ ಜಲ್ಲಿ ತನಗೆ ಬೇಕಾದಷ್ಟು ಹೀರಿದ ಮೇಲೆ ಉಳಿದ ನೀರೆಲ್ಲ ಸಿಮೆಂಟಿನ ಹಾಲಿಗೆ ಸೇರಿ ಅದನ್ನು ತೆಳ್ಳಗೆ ಮಾಡುತ್ತದೆ. ಮೇಲೆ ನುಣ್ಣಗೆ ಕಂಡರೂ ಒಳಗೆ ಬಲ ಇರುವುದಿಲ್ಲ. ದೋಷ ಹಳೇ ಜಲ್ಲಿಯ ಮೇಲೆ ಬೀಳುತ್ತದೆ, ಬಕೆಟ್ಟಿನ ಹೆಸರು ಯಾರೂ ಎತ್ತುವುದಿಲ್ಲ.

ಇದಕ್ಕೆ ಮದ್ದು ದೊಡ್ಡದೇನಲ್ಲ. ಹಳೇ ಜಲ್ಲಿಯನ್ನು ಮೊದಲೇ ನೆನೆಸಬೇಕು. ಐ.ಎಸ್. 383 ಕೂಡ ಅದನ್ನೇ ಹೇಳುತ್ತದೆ: ಇಂಥ ಜಲ್ಲಿ ನೂರಕ್ಕೆ 10ರವರೆಗೆ ನೀರು ಹೀರುವಂಥದ್ದಾದರೂ ಪರವಾಗಿಲ್ಲ, ಅಳೆದು ಕಲಸುವ ಮೊದಲೇ ನೀರು ಕುಡಿಸಿರಬೇಕು. ಗಟ್ಟಿ ಅವಲಕ್ಕಿ ನೆನೆಸುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆನೆಯದಿದ್ದರೆ ಒಗ್ಗರಣೆ ಹೀರಿ ಒಣಒಣ, ನೀರು ಬಸಿಯದಿದ್ದರೆ ಮುದ್ದೆ. ಜಲ್ಲಿಯೂ ಹಾಗೇ. ಹಿಂದಿನ ದಿನವೇ ನೀರು ಕಟ್ಟಿ, ಬೆಳಿಗ್ಗೆ ಬಸಿದು, ಮೇಲೆ ನೀರು ಮಿನುಗದಷ್ಟು ಆರಿಸಬೇಕು. ಒಳಗೆ ತುಂಬಿರಬೇಕು, ಮೈ ಒಣಗಿರಬೇಕು. ತೊಟ್ಟಿಕ್ಕುವ ಜಲ್ಲಿ ಹಾಕಿದರೆ ಮತ್ತೆ ಅದೇ ಹೆಚ್ಚುವರಿ ನೀರಿನ ಕತೆ.

20 ಪಾಲು ಎಂಬ ಮಿತಿಯ ಜಾಣ್ಮೆ ಈ ಲೆಕ್ಕದಲ್ಲೇ ಕಾಣುತ್ತದೆ. 167 ಕೆ.ಜಿ.ಯಲ್ಲಿ 20 ಪಾಲು ಎಂದರೆ ಸುಮಾರು 33 ಕೆ.ಜಿ. ಅದು ಹೀರುವುದು ಒಂದೂವರೆ ಲೀಟರಿನಷ್ಟು. ಮೇಸ್ತ್ರಿ ಕೊಂಚ ಎಡವಿದರೂ ತಾರಸಿ ಕೆಡುವಷ್ಟು ಅಲ್ಲ.

ತಲೆ ಮೇಲೆಯೋ, ಕಾಲ ಕೆಳಗೋ?

ಈಗ ಸಾಹುಕಾರರ ಆಸೆಯ ಲೆಕ್ಕಕ್ಕೆ ಬರೋಣ. 10 ಅಡಿ ಅಗಲ, 15 ಅಡಿ ಉದ್ದ, 5 ಇಂಚು ದಪ್ಪದ ತಾರಸಿ ಎನ್ನಿ. ಅದು 62 ಘನ ಅಡಿ ಚಿಲ್ಲರೆ. ಒಡೆದರೆ 4 ಟನ್ನಿಗೂ ಮೇಲೆ ರಾಶಿ ಬೀಳುತ್ತದೆ. ಅಷ್ಟೇ ದೊಡ್ಡ ಹೊಸ ತಾರಸಿಗೆ ಸುಮಾರು 13 ಮೂಟೆ ಸಿಮೆಂಟು, ಎರಡು ಟನ್ನಿಗೆ ಸ್ವಲ್ಪ ಮೇಲೆ ಜಲ್ಲಿ. ಅದರಲ್ಲಿ 20 ಪಾಲು ಎಂದರೆ ನಾಲ್ಕೂವರೆ ಕ್ವಿಂಟಾಲು ಕೂಡ ಆಗದು. ಒಡೆದ ರಾಶಿಯಲ್ಲಿ ಹತ್ತರಲ್ಲಿ ಒಂದು ಪಾಲು! ಉಳಿಯುವ ದುಡ್ಡು ಹೆಚ್ಚೆಂದರೆ ಒಂದೆರಡು ಮೂಟೆ ಸಿಮೆಂಟಿನದು. ಅದಕ್ಕಾಗಿ ಆರಿಸಿ, ಒಡೆದು, ಜರಡಿ ಹಿಡಿದು, ತೊಳೆದು, ನೆನೆಸುವ ಕೂಲಿ ಬೇರೆ. ಸಣ್ಣ ಅಂಗಡಿಯವರಿಗೆ ಇದು ಗಿಟ್ಟುವ ವ್ಯಾಪಾರವಲ್ಲ. ಹಾಗಿದ್ದೂ ಕೆಲಸ ಹಿಡಿದವನು ಒತ್ತಾಯ ಮಾಡುತ್ತಾನೆ ಎಂದರೆ, ಅವನು 20 ಪಾಲಿನ ಮಾತು ಆಡುತ್ತಿಲ್ಲ ಎಂದೇ ತಿಳಿಯಬೇಕು.

ಹಾಗಾದರೆ ಉಳಿದ ಒಂಬತ್ತು ಪಾಲು ಕೆರೆಗೇ ಹೋಗಬೇಕೆ? ಬೇಡ. ಅದೇ ಅಂಗಡಿಯ ಹೊಸ ತಳಪಾಯದ ಕೆಳಗೆ ನಾಲ್ಕು ಇಂಚು ಹಾಸು ಬೇಕಲ್ಲ, ನೆಲಕ್ಕೆ ಟೈಲು ಕೂರಿಸುವ ಮೊದಲು ಒಂದು ಹಾಸು ಬೇಕಲ್ಲ, ಅಲ್ಲಿ ಕಟ್ಟಳೆಯೇ ನೂರಕ್ಕೆ ನೂರು ಒಪ್ಪುತ್ತದೆ. ಇಟ್ಟಿಗೆ ಬೆರೆತದ್ದೂ ನಡೆಯುತ್ತದೆ. ಇಟ್ಟಿಗೆ ಚೂರೆಂದರೆ ಮೂಗು ಮುರಿಯುವವರು ಕನ್ನಂಬಾಡಿ ಕಟ್ಟೆಯನ್ನು ನೆನೆಯಬಹುದು. ಅದು ನಿಂತಿರುವುದು ಸಿಮೆಂಟಿನ ಮೇಲಲ್ಲ, ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣ ಸೇರಿಸಿದ ಸುರ್ಕಿ ಗಾರೆಯ ಮೇಲೆ. ಹಳೇ ಕಾಲದ ಮದರಾಸು ತಾರಸಿಯಲ್ಲೂ ಇಟ್ಟಿಗೆ ಜಲ್ಲಿ, ಸುಣ್ಣದ ಹಾಸೇ ಮಳೆ ತಡೆಯುತ್ತಿತ್ತು.

ಇನ್ನೊಂದು ಕಡೆಯ ಲೆಕ್ಕವೂ ಇದೆ. ಹೊಸ ಜಲ್ಲಿ ಆಕಾಶದಿಂದ ಬೀಳುವುದಿಲ್ಲ. ಒಂದು ಗುಡ್ಡ ಕರಗಬೇಕು, ಸಿಡಿಮದ್ದು ಇಡಬೇಕು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರು ತಿಂಗಳೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ, ಎರಡೂ ಕಡೆ ಕ್ವಾರಿಯ ಸ್ಫೋಟಕ ಸಿಡಿದು ಕೂಲಿಯವರ ಮನೆಗಳಲ್ಲಿ ದೀಪ ಆರಿತು. ಕಾಲ ಕೆಳಗಿನ ಹಾಸಿಗೂ ಹೊಸ ಗ್ರಾನೈಟೇ ಬೇಕು ಎನ್ನುವ ಹಟ ಯಾಕೆ?

ದೊಡ್ಡ ಊರಿನಲ್ಲಿ ಯಂತ್ರ, ಸಣ್ಣ ಊರಿನಲ್ಲಿ ಕೆರೆ

ದೆಹಲಿಯ ಬುರಾಡಿಯಲ್ಲಿ 2009ರಲ್ಲೇ ಈ ಕೆಲಸದ ಘಟಕ ಶುರುವಾಯಿತು. ಒಡೆದ ರಾಶಿಯನ್ನು ಆರಿಸಿ, ಪುಡಿ ಮಾಡಿ, ತೊಳೆದು, ಜಲ್ಲಿ, ಮರಳು, ಬ್ಲಾಕು ಮಾಡುವ ಘಟಕ. ಬೆಂಗಳೂರಿನ ಉತ್ತರಕ್ಕೆ ಚಿಕ್ಕಜಾಲದ ಕಡೆಯೂ ಒಂದು ಬಂತು. 2022ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟಿನ ಆದೇಶದಂತೆ ನೋಯ್ಡಾದ ಜೋಡಿ ಗೋಪುರ ಉರುಳಿಸಿದ್ದನ್ನು ದೇಶವೇ ಟಿ.ವಿ.ಯಲ್ಲಿ ನೋಡಿ ಬಾಯಿ ಮೇಲೆ ಬೆರಳಿಟ್ಟಿತು. ಕೆಲವೇ ಸೆಕೆಂಡಿನ ಆಟ. ಬಿದ್ದದ್ದು 80 ಸಾವಿರ ಟನ್ನಿನ ಆಸುಪಾಸು. ತೆಗೆಯಲು ತಿಂಗಳುಗಟ್ಟಲೆ ಹಿಡಿಯಿತು. ಅದನ್ನು ಯಾವ ಚಾನೆಲ್ಲೂ ಕೂತು ತೋರಿಸಲಿಲ್ಲ. ಅದರಲ್ಲಿ ಒಂದು ಭಾಗ ನೋಯ್ಡಾದ್ದೇ ಘಟಕಕ್ಕೆ ಹೋಯಿತು.

ಸಣ್ಣ ಊರುಗಳ ಪಾಲಿಗೆ ಇರುವುದು ಕಾಗದ. ಕೇಂದ್ರ ಸರಕಾರ 2016ರ ಮಾರ್ಚಿಯಲ್ಲಿ ಹೊರಡಿಸಿದ ನಿಯಮದಲ್ಲಿ, ದಿನಕ್ಕೆ 20 ಟನ್ ಅಥವಾ ತಿಂಗಳಿಗೆ ಒಂದು ಕಾಮಗಾರಿಯಲ್ಲಿ 300 ಟನ್ ಮೀರಿ ಒಡೆಯುವವರು ಕಾಂಕ್ರೀಟು, ಮಣ್ಣು, ಕಬ್ಬಿಣ-ಮರ-ಪ್ಲಾಸ್ಟಿಕ್ಕು, ಇಟ್ಟಿಗೆ-ಗಾರೆ ಎಂದು ಬೇರೆ ಬೇರೆ ಮಾಡಬೇಕು ಎಂದಿತ್ತು. ಸರಕಾರಿ, ಪುರಸಭೆ ಗುತ್ತಿಗೆಗಳಲ್ಲಿ ನೂರಕ್ಕೆ 10ರಿಂದ 20 ಪಾಲು ಇಂಥ ಸಾಮಾನನ್ನೇ ಬಳಸಬೇಕು ಎಂದೂ ಇತ್ತು. 2025ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಗಳು ಪ್ರಕಟವಾದವು. ಚರಂಡಿ ಪಕ್ಕ ಹಾಕುವ ಬ್ಲಾಕಿಗೆ, ಫುಟ್‌ಪಾತಿನ ಹಾಸಿಗೆ ಈ ಜಲ್ಲಿ ಬಳಸಲು ಯಾವ ಪುರಸಭೆಯ ಟೆಂಡರು ಹೇಳಿದೆ? ಪೇಟೆಯ ಸದಸ್ಯರನ್ನು ಕೇಳಲು ಅಂಗಡಿಯವರಿಗೆ ಹಕ್ಕಿದೆ. ಗೋಡೆ ಕಳಕೊಂಡವರು ಅವರು. ಒಂದು ಕ್ರಷರು, ಒಂದು ಜರಡಿ, ಒಂದು ನೀರಿನ ತೊಟ್ಟಿ, ಗೇಟಿನಲ್ಲೇ ಜಾತಿ ಆರಿಸುವ ನಾಲ್ಕು ಜನ. ತಾಲೂಕಿಗೊಂದು ಇದ್ದರೆ ಕೆರೆ ಏರಿಯ ರಾಶಿಗೆ ಅರ್ಧ ದಾರಿ ಸಿಗುತ್ತದೆ.

ಮೂರು ಬಸ್ಸಿನ ಭಾರ

ಇಷ್ಟಾದರೂ ತಾರಸಿಗೇ ಹಾಕಿಸುತ್ತೇವೆ ಎನ್ನುವವರು ಇಂಜಿನಿಯರ ಕೈಯಲ್ಲಿ ಮಿಶ್ರಣದ ಲೆಕ್ಕ ಬರೆಸಬೇಕು. ಬಾಂಡಲಿ ಎಣಿಸಿ ಹಾಕುವ ಲೆಕ್ಕ ಇಲ್ಲಿ ನಡೆಯದು. ಹಳೇ ಜಲ್ಲಿ ಹಗುರ, ಒಂದು ಬಾಂಡಲಿಯಲ್ಲಿ ಹೊಸದರಷ್ಟು ತೂಕ ಇರುವುದಿಲ್ಲ. ತೂಗಿಯೇ ಹಾಕಬೇಕು. ಹೀರುವ ನೀರನ್ನು ಮೊದಲು ಪರೀಕ್ಷೆ ಮಾಡಿಸಬೇಕು: 24 ಗಂಟೆ ನೆನೆಸಿ, ಬಟ್ಟೆಯಲ್ಲಿ ಒರೆಸಿ ತೂಗಿ, ಆಮೇಲೆ ಒಲೆಯಲ್ಲಿ ಒಣಗಿಸಿ ತೂಗುವ ಸಾದಾ ಪರೀಕ್ಷೆ. ಇಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್ಕುಗಳ ಲ್ಯಾಬಿನಲ್ಲಿ ಆಗುವ ಕೆಲಸ.

ಆಮೇಲೆ 15 ಸೆಂಟಿಮೀಟರ್ ಚೌಕದ ಘನಗಳನ್ನು ಎರಕ ಹೊಯ್ದು, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒತ್ತಿಸುತ್ತಾರೆ. ಎಂ-20 ಎಂದರೆ ಅಂಗೈಯಗಲದ ಆ ತುಂಡು ಸುಮಾರು 46 ಟನ್ ತಡೆಯಬೇಕು. ಜನ ತುಂಬಿದ ಬಸ್ಸುಗಳನ್ನು ಒಂದರ ಮೇಲೊಂದು ಇಟ್ಟರೆ ಮೂರಾದೀತು. ಮಿಶ್ರಣ ಬರೆಯುವವರು ಅಷ್ಟಕ್ಕೇ ನಿಲ್ಲುವುದಿಲ್ಲ. ಕೆಲಸದಲ್ಲಿ ಏರುಪೇರು ಇದ್ದೇ ಇರುತ್ತದೆಂದು 61 ಟನ್ನಿಗೆ ಗುರಿ ಇಟ್ಟು ಬರೆಯುತ್ತಾರೆ.

ಒಂದು ಎಚ್ಚರ. 15 ಅಡಿಯೊಳಗಿನ ತಾರಸಿಯ ಕಂಬಗಳನ್ನು 7 ದಿನಕ್ಕೇ ಬಿಚ್ಚಬಹುದು ಎಂದಿದೆ, ಮೇಸ್ತ್ರಿಗಳು ಬಿಚ್ಚುತ್ತಾರೆ ಕೂಡ. ಘನದ ಫಲಿತಾಂಶ ಬರುವುದು 28 ದಿನಕ್ಕೆ. ಅಷ್ಟರಲ್ಲಿ ಗಣಪತಿ ಪೂಜೆ ಮುಗಿದು ಅಕ್ಕಿ ಮೂಟೆ ಒಳಗೆ ಬಂದಿರುತ್ತದೆ. ಆದ್ದರಿಂದ ಪ್ರಯೋಗದ ಘನ ಹಾಕಿಸುವುದಾದರೆ ತಾರಸಿ ಹಾಕುವ ತಿಂಗಳ ಮೊದಲೇ ಹಾಕಿಸಬೇಕು, ಅದೇ ರಾಶಿಯ ಜಲ್ಲಿಯಲ್ಲಿ.