ಒದ್ದೆ ಬನಿಯನ್ನಿನ ಲೆಕ್ಕ

ಟ್ರೆಡ್‌ಮಿಲ್ ಹತ್ತುವ ಮೊದಲು ಫ್ಯಾನ್ ಆರಿಸುವವರನ್ನು ಜಿಮ್ಮುಗಳಲ್ಲಿ ನೋಡಬಹುದು. ಬೆವರು ಇಳಿದಷ್ಟೂ ಕೊಬ್ಬು ಕರಗುತ್ತದೆ ಎಂಬ ನಂಬಿಕೆ ಅವರದು. ಪಕ್ಕದ ಯಂತ್ರದಲ್ಲಿ ಇನ್ನೊಬ್ಬರು, ಇಷ್ಟು ಹೊತ್ತು ಓಡಿದರೂ ಅಂಗಿ ಒದ್ದೆಯಾಗಲಿಲ್ಲವಲ್ಲ, ಮಾಡಿದ್ದು ಸಾಲದೇನೋ ಎಂದು ಪೇಚಾಡುತ್ತಿರುತ್ತಾರೆ. ಬೆವರು ತೋರಿಸುವುದು ದೇಹಕ್ಕೆ ಎಷ್ಟು ಬಿಸಿ ಹೊರಹಾಕಬೇಕಾಗಿದೆ ಎಂಬುದನ್ನು. ಎಷ್ಟು ಶ್ರಮಪಟ್ಟಿರಿ ಎಂಬುದು ಆ ಲೆಕ್ಕದ ಒಂದು ಬಾಬ್ತು ಮಾತ್ರ.

ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಚಲನೆಗೆ ಸಲ್ಲುವುದು ಹೆಚ್ಚೆಂದರೆ ಕಾಲು ಭಾಗ. ಉಳಿದದ್ದು ಶಾಖವಾಗುತ್ತದೆ. ಒಳಗಿನ ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್‌ನಿಂದ ಮೇಲೇರತೊಡಗಿದರೆ ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಚರ್ಮದತ್ತ ಹೆಚ್ಚು ರಕ್ತ ಹರಿಸುತ್ತದೆ. ಮೈತುಂಬ ಹರಡಿರುವ 20ರಿಂದ 40 ಲಕ್ಷ ಬೆವರುಗ್ರಂಥಿಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ದೇಹದಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. 70 ಕಿಲೋ ತೂಕದವರು ಒಂದು ಗಂಟೆಯಲ್ಲಿ 10 ಕಿಲೋಮೀಟರ್ ಓಡಿದರೆ ಹುಟ್ಟುವ ಶಾಖವೂ ಹೆಚ್ಚುಕಡಿಮೆ ಅಷ್ಟೇ.

ಆದರೆ ಬೆವರು ಆವಿಯಾಗಬೇಕು. ಮಣ್ಣಿನ ಹೂಜಿಯ ನೀರು ಕಲಬುರಗಿಯ ಒಣ ಬೇಸಿಗೆಯಲ್ಲಿ ತಣ್ಣಗಾದಷ್ಟು ಮಂಗಳೂರಿನ ಸೆಕೆಯಲ್ಲಿ ಆಗುವುದಿಲ್ಲ. ಕರಾವಳಿಯ ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಹೊರಗೆ ಜಿನುಗಿದ ನೀರು ಆರುವುದಿಲ್ಲ. ಮೈಯಲ್ಲೂ ಹೀಗೆಯೇ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ತಂಪು ಕೊಡದೆ ವ್ಯರ್ಥವಾಗುತ್ತದೆ. ತಂಪಾಗಲಿಲ್ಲವೆಂದು ದೇಹ ಇನ್ನಷ್ಟು ಸುರಿಸುತ್ತದೆ. ಬೆಂಗಳೂರಿನ ಬೆಳಗಿನ ತಂಪಿನಲ್ಲಿ ಆರಾಮವಾಗಿ ಓಡುವವರು ಅದೇ ವೇಗದಲ್ಲಿ ಪಣಂಬೂರಿನ ಕಡಲತೀರದಲ್ಲಿ ಓಡಿದರೆ ತೊಯ್ದು ತೊಪ್ಪೆಯಾಗುತ್ತಾರೆ. ಓಡಿದ್ದು ಅಷ್ಟೇ, ಬದಲಾದದ್ದು ಹವೆ. ಇತ್ತ ಕಲಬುರಗಿಯಲ್ಲಿ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗಿ, ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಉಳಿದಿರುತ್ತದೆ. ಅಂಗಿ ಒಣಗಿದೆಯೆಂದು ನೀರು ಕುಡಿಯದಿರುವುದು ಅಲ್ಲಿನ ಅಪಾಯ.

ಹಾಗಾದರೆ ಪಳಗಿದ ಓಟಗಾರರು ಕಡಿಮೆ ಬೆವರುತ್ತಾರೆಯೇ? ಇಲ್ಲ, ಸಾಮಾನ್ಯವಾಗಿ ಹೆಚ್ಚೇ ಬೆವರುತ್ತಾರೆ. ಅಭ್ಯಾಸವಾದ ದೇಹ ಬಿಸಿ ಏರುವುದನ್ನು ಕಾಯುತ್ತ ಕೂರುವುದಿಲ್ಲ. ಬೆವರು ಬೇಗ ಶುರುವಾಗುತ್ತದೆ, ಗ್ರಂಥಿಗಳ ಸಾಮರ್ಥ್ಯವೂ ಬೆಳೆದಿರುತ್ತದೆ. ಅಮೆರಿಕದ ಮ್ಯಾರಥಾನ್ ಓಟಗಾರ ಆಲ್ಬರ್ಟೊ ಸಲಾಜಾರ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಹೊತ್ತಿಗೆ ಗಂಟೆಗೆ ಸುಮಾರು 3.7 ಲೀಟರ್ ಬೆವರುತ್ತಿದ್ದುದು ದಾಖಲಾಗಿದೆ. ನಮ್ಮಂಥವರದು ಸಾಮಾನ್ಯವಾಗಿ ಗಂಟೆಗೆ ಅರ್ಧದಿಂದ ಒಂದೂವರೆ ಲೀಟರ್.

ಇಲ್ಲೊಂದು ಸೂಕ್ಷ್ಮವಿದೆ. ಒಂದೇ ತೂಕದ ಇಬ್ಬರು, ಒಬ್ಬರು ಪಳಗಿದವರು, ಇನ್ನೊಬ್ಬರು ಹೊಸಬರು, ಒಂದೇ ವೇಗದಲ್ಲಿ ಓಡಿದರೆ ಹುಟ್ಟುವ ಶಾಖ ಬಹುತೇಕ ಒಂದೇ. ಬೆವರಿನಲ್ಲೂ ಅಂಥ ಅಂತರ ಕಾಣದಿರಬಹುದು. ಇಬ್ಬರೂ ತಮ್ಮ ತಮ್ಮ ಶಕ್ತಿ ಮೀರಿ ಓಡಿದಾಗ ಮಾತ್ರ ಪಳಗಿದವರ ವೇಗ ಹೆಚ್ಚು, ಶಾಖ ಹೆಚ್ಚು, ಬೆವರೂ ಹೆಚ್ಚು. ಇದರ ಮೇಲೆ ಮೈಯ ಗಾತ್ರ, ಬಟ್ಟೆ, ವಯಸ್ಸು, ಹುಟ್ಟುಗುಣ ಎಲ್ಲವೂ ಸೇರುತ್ತವೆ. ಆದ್ದರಿಂದ ಪಕ್ಕದವರ ಟವೆಲ್ ನೋಡಿ ಅವರ ಫಿಟ್ನೆಸ್ ಅಳೆಯಲಾಗದು.

ಬಿಸಿಲಿಗೆ ಒಗ್ಗಿಕೊಳ್ಳುವುದಂತೂ ಬೇರೆಯದೇ ತಾಲೀಮು. ದಿನವೂ ಸ್ವಲ್ಪ ಹೊತ್ತು ಬಿಸಿಯಲ್ಲಿ ವ್ಯಾಯಾಮ ಮಾಡಿದರೆ 10–14 ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಕೆಲವು ವಾರ ಬಿಟ್ಟರೆ ಗಳಿಸಿದ್ದೂ ಹೋಗುತ್ತದೆ. ಎ.ಸಿ. ಕಚೇರಿಯಲ್ಲಿ ವರ್ಷ ಕಳೆದವರು ರಜೆಗೆ ಊರಿಗೆ ಹೋಗಿ ಮೊದಲ ದಿನವೇ ಮಧ್ಯಾಹ್ನ ಓಡಹೊರಡುವುದು ಬೇಡ.

ಇನ್ನು ತೂಕದ ಮಾತು. ಓಟದ ಬಳಿಕ ತಕ್ಕಡಿ ಒಂದು ಕಿಲೋ ಕಡಿಮೆ ತೋರಿಸಿದರೆ ಹೋದದ್ದು ಹತ್ತಿರಹತ್ತಿರ ಒಂದು ಲೀಟರ್ ನೀರು. ಕುಡಿದೊಡನೆ ಅದು ಮರಳಿ ಬರುತ್ತದೆ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕಿಲೋಕ್ಯಾಲರಿ ಖರ್ಚಾಗಬೇಕು. ಒಂದು ಗಂಟೆಯ ಓಟದಲ್ಲಿ ಅದರ ಹತ್ತನೇ ಒಂದು ಭಾಗವೂ ದಾಟುವುದು ಕಷ್ಟ. ಬೆವರು ಬರಿಸಲೆಂದೇ ಮಾರುವ ರಬ್ಬರ್ ಉಡುಪುಗಳ ಬಗ್ಗೆ ನನಗೆ ಕಿಂಚಿತ್ತೂ ಸಹನೆಯಿಲ್ಲ. 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಮೈ ಕಾಯಿಸಿ ತೂಕ ಇಳಿಸಲು ಹೋಗಿ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಇಂಥ ಉಡುಪನ್ನು ನಿಷೇಧಿಸಲಾಯಿತು.

ತಕ್ಕಡಿಯ ನಿಜವಾದ ಉಪಯೋಗ ಬೇರೆ. ಓಟಕ್ಕೆ ಮೊದಲು, ಆಮೇಲೆ ಮೈ ಒರೆಸಿಕೊಂಡು ತೂಗಿ ನೋಡಿ. ಇಳಿದ ತೂಕಕ್ಕೆ ನಡುವೆ ಕುಡಿದ ನೀರನ್ನು ಸೇರಿಸಿದರೆ ಬೆವರಿನ ಪ್ರಮಾಣ ಸಿಗುತ್ತದೆ. ನೂರಕ್ಕೆ 2ರಷ್ಟು, ಅಂದರೆ 70 ಕಿಲೋದವರಿಗೆ 1.4 ಕಿಲೋಗಿಂತ ಹೆಚ್ಚು ಇಳಿದಿದ್ದರೆ ಮುಂದಿನ ಸಲ ನೀರು ಹೆಚ್ಚಿಸಿ. ತೂಕ ಏರಿದ್ದರೆ ಕುಡಿದದ್ದು ಅತಿಯಾಯಿತು. ರಕ್ತದ ಸೋಡಿಯಂ ತೆಳುವಾಗುವುದು ಪ್ರಾಣಕ್ಕೂ ಎರವಾಗಬಲ್ಲದು.

ತೀವ್ರತೆ ತಿಳಿಯಲು ಮಾತಾಡಿ ನೋಡುವುದೇ ಸುಲಭ. ಮಾತು ಬರುತ್ತದೆ, ಹಾಡಲಾಗದು ಎಂದಾದರೆ ಅದು ಮಧ್ಯಮ ಶ್ರಮ. ಎರಡು ಮಾತಿಗೇ ಉಸಿರು ಕಟ್ಟಿದರೆ ತೀವ್ರ. ಕೈಗಡಿಯಾರದ ನಾಡಿ ಲೆಕ್ಕವೂ ಸರಿಯೇ, ಆದರೆ ಸೆಕೆಯಲ್ಲಿ ಚರ್ಮಕ್ಕೂ ರಕ್ತ ಒದಗಿಸಬೇಕಾದ್ದರಿಂದ ಅದೇ ವೇಗಕ್ಕೆ ನಾಡಿ ಹೆಚ್ಚು ಬಡಿಯುತ್ತದೆ. ಅಂಥ ದಿನ ವೇಗ ಇಳಿಸಿ.

ಬೆವರುತ್ತಿದ್ದೇನೆ, ಹಾಗಾಗಿ ಬಿಸಿಲಿನ ಹೊಡೆತ ತಟ್ಟದು ಎಂದುಕೊಳ್ಳಬೇಡಿ. ಓಡುವಾಗ ಬರುವ ಶಾಖಾಘಾತದಲ್ಲಿ ಮೈ ಒದ್ದೆಯಾಗಿಯೇ ಇರಬಹುದು. ತಲೆಸುತ್ತು, ವಾಕರಿಕೆ ಬಂದರೆ ನಿಲ್ಲಿಸಿ ನೆರಳಿಗೆ ಹೋಗಿ. ತೂರಾಡುವುದು, ಮಾತು ತಡವರಿಸುವುದು ಕಂಡರೆ ಜೊತೆಯಲ್ಲಿರುವವರು ಕೂಡಲೇ ಮೈಮೇಲೆ ತಣ್ಣೀರು ಸುರಿಯುತ್ತ ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಬೇಕು. ಸುಮ್ಮನೆ ಕೂತಿದ್ದಾಗ ಎದೆ ಹಿಡಿದಂತಾಗಿ ತಣ್ಣನೆ ಬೆವರು ಬಂದರೂ ತಡಮಾಡದೆ ಅದೇ ಸಂಖ್ಯೆಗೆ ಕರೆ ಮಾಡಿ.